ಸ್ಕ್ರೀನ್ ತಾನೇ ಲಾಕ್ ಆಗ್ತದಲ್ರಿ, ಯಾಕ? ಶಾಖೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕಲಬುರಗಿಯ ಮುಖ್ಯ ಕಚೇರಿಯಲ್ಲೂ ಬೀದರ್, ಯಾದಗಿರಿ ಕಡೆಯ ಶಾಖೆಗಳಲ್ಲೂ ಕಂಪ್ಯೂಟರ್ ಸ್ಕ್ರೀನ್ ತಾನಾಗಿ ಲಾಕ್ ಆಗುವಂತೆ ಮಾಡಿದ ಮೇಲೆ ನನ್ನ ಫೋನು ಸುಮ್ಮನಿದ್ದ ದಿನವಿಲ್ಲ. ನಮ್ಮದು ಪತ್ತಿನ ಸಹಕಾರ ಸಂಘ. ಕಂಪ್ಯೂಟರ್ ವಿಭಾಗ ಎಂದರೆ ನಾನು ಮತ್ತು ಇನ್ನೊಬ್ಬ ಹುಡುಗ. ಒಂದೇ ಉತ್ತರವನ್ನು ಹತ್ತು ಶಾಖೆಗೆ ಹತ್ತು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಸರು ಬಿಟ್ಟಿದ್ದೇನೆ, ಬೈಗುಳವನ್ನೂ ಬಿಟ್ಟಿದ್ದೇನೆ.

ಇದೇನ್ರಿ ಹೊಸ ನೇಮ? ಒಂದ್ ಮಾತಿನಾಗ ಹೇಳ್ರಿ.

ಕೀಬೋರ್ಡು, ಮೌಸು ಎರಡನ್ನೂ ಯಾರೂ ಮುಟ್ಟದೆ ನಿಗದಿತ ಹೊತ್ತು ಕಳೆದರೆ ಕಂಪ್ಯೂಟರ್ ಲಾಕ್ ಆಗುತ್ತದೆ. ಪಾಸ್‌ವರ್ಡ್ ಅಥವಾ ಪಿನ್ ಕೊಟ್ಟರೆ ಬಿಟ್ಟಲ್ಲಿಂದಲೇ ಮತ್ತೆ ತೆರೆಯುತ್ತದೆ. ಕೌಂಟರ್‌ನಲ್ಲಿರುವವಕ್ಕೆ 5 ನಿಮಿಷ, ಒಳಗಿನ ಮೇಜುಗಳಿಗೆ 10 ನಿಮಿಷ, ಸಭೆಯ ಕೋಣೆಯಲ್ಲಿ ಪ್ರೊಜೆಕ್ಟರಿಗೆ ಜೋಡಿಸಿದ್ದಕ್ಕೆ 30 ನಿಮಿಷ.

ಇಷ್ಟ್ ವರ್ಷ ಇಲ್ಲದ್ದು ಈಗ್ಯಾಕ ಬೇಕಾತು?

ತೊಗರಿ ಸುಗ್ಗಿಯ ಒಂದು ದಿನ ನಮ್ಮದೇ ಒಂದು ಶಾಖೆಯಲ್ಲಿ ನಡೆದದ್ದನ್ನು ಹೇಳಿದರೆ ಸಾಕು. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಮಾಲು ಹಾಕಿ ದುಡ್ಡು ಕಟ್ಟಲು ಬಂದ ರೈತರಿಂದ ಕೌಂಟರ್ ತುಂಬಿತ್ತು. ಗುಮಾಸ್ತರು ಒಬ್ಬ ಹಿರಿಯರ ಸಾಲದ ಖಾತೆ ತೆರೆದವರು, ಹಳೆಯ ರಸೀದಿಯ ನಕಲು ತರಲು ಒಳಗೆ ಎದ್ದು ಹೋದರು. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಮಾನಿಟರನ್ನು ಅವರೇ ಗ್ರಾಹಕರ ಕಡೆಗೆ ತುಸು ಓರೆ ಮಾಡಿ ಇಟ್ಟುಕೊಂಡಿದ್ದರು. ಪಾಳಿಯಲ್ಲಿ ಹಿಂದೆ ನಿಂತವನು ಆ ಹಿರಿಯರ ಊರಿನವನೇ. ಹೆಸರು, ಅಸಲು, ಬಡ್ಡಿ, ಬಾಕಿ ಬಿದ್ದ ಕಂತು, ಎಲ್ಲ ದೊಡ್ಡ ಅಕ್ಷರದಲ್ಲಿ ಎದುರಿಗಿತ್ತು. ಓದಿದ. ಸಂಜೆಯ ಬಸ್ಸು ಊರು ಮುಟ್ಟುವಷ್ಟರಲ್ಲಿ ಸುದ್ದಿಯೂ ಊರು ಮುಟ್ಟಿತ್ತು. ಹಿರಿಯರ ಮನೆಯಲ್ಲಿ ಆಗ ಮಗಳ ಲಗ್ನದ ಮಾತುಕತೆ ನಡೆದಿತ್ತಂತೆ. ಎರಡು ದಿನ ಬಿಟ್ಟು ಬಂದರು. ಜಗಳ ಮಾಡಲಿಲ್ಲ. ‘ಇರೋದೆಲ್ಲ ತುಂಬ್ತೀನಿ, ನನ್ನ ಖಾತಿ ಬಂದ್ ಮಾಡ್ರಿ’ ಅಂದರು, ಅಷ್ಟೇ.

ಒಂದು ಪೈಸೆ ಕಳುವಾಗಿರಲಿಲ್ಲ, ಯಾವ ಹ್ಯಾಕರನೂ ಬಂದಿರಲಿಲ್ಲ. ಎದ್ದು ಹೋದ ಕುರ್ಚಿಯೊಂದು, ತೆರೆದ ಸ್ಕ್ರೀನೊಂದು. ಎಲ್ಲರಿಗೂ ಎಲ್ಲರೂ ಗೊತ್ತಿರುವ ನಮ್ಮ ಊರುಗಳಲ್ಲಿ ಇಷ್ಟು ಸಾಕಾಗುತ್ತದೆ.

ಹಳಬರಿಗೆ ಇದನ್ನು ನಾನು ಬೇರೆ ರೀತಿಯಲ್ಲಿ ಹೇಳುತ್ತೇನೆ. ಕಾಗದದ ಕಾಲದಲ್ಲಿ ನೀವು ಖಾತೆ ಪುಸ್ತಕ ಅಗಲಿಸಿಟ್ಟು ಚಾ ಕುಡಿಯಲು ಹೋಗುತ್ತಿದ್ದಿರಾ? ಇಲ್ಲ. ಮುಚ್ಚಿ, ಕಪಾಟಿಗೆ ಇಟ್ಟು, ಕೀಲಿ ಕಿಸೆಗೆ ಹಾಕಿ ಏಳುತ್ತಿದ್ದಿರಿ. ಕಂಪ್ಯೂಟರ್ ಬಂದ ಮೇಲೆ ಆ ರೂಢಿ ಎಲ್ಲಿ ಬಿಟ್ಟುಹೋಯಿತೋ ನನಗೆ ತಿಳಿಯದು.

ಅಂದ್ರ ನಮ್ಮ ಮ್ಯಾಲ ನಂಬಿಕಿ ಇಲ್ಲ ಅಂತಾತು.

ಈ ಪ್ರಶ್ನೆ ಬಂದಾಗೆಲ್ಲ ನನಗೆ ಬೇಸರವಾಗುತ್ತದೆ, ಆದರೂ ಕೇಳುವವರ ತಪ್ಪಲ್ಲ. ನಾವು ಮೊದಲೇ ಬಿಡಿಸಿ ಹೇಳಲಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ನಡೆಯುವ ಪ್ರತಿ ನಮೂದಿನ ಹಿಂದೆ ಒಂದು ಹೆಸರು ಬೀಳುತ್ತದೆ, ಅದು ಆ ಹೊತ್ತು ಲಾಗಿನ್ ಆಗಿದ್ದವರ ಹೆಸರು. ನೀವು ಎದ್ದು ಹೋದಾಗ ಬೇರೆ ಯಾರೋ ಕೂತು ಒಂದು ವೋಚರ್ ತಿದ್ದಿದರೆ, ಲೆಕ್ಕ ಪರಿಶೋಧಕರು ಬಂದಾಗ ಉತ್ತರ ಕೊಡಬೇಕಾದವರು ನೀವು. ‘ನಾ ಅಲ್ರಿ, ನಾ ಆಗ ಹೊರಗ ಹೋಗಿದ್ದೆ’ ಎಂದರೆ ಅದನ್ನು ಸಾಬೀತು ಮಾಡುವುದೂ ನಿಮ್ಮ ಪಾಲಿಗೇ ಬರುತ್ತದೆ. ಲಾಕ್ ಆದ ಸ್ಕ್ರೀನು ನಿಮ್ಮ ಹೆಸರಿಗೆ ಹಾಕಿದ ಕೀಲಿ. ಸಂಘದ ತಿಜೋರಿಗೆ ಬೇರೆ ಕೀಲಿಗಳಿವೆ.

5 ನಿಮಿಷ ಭಾಳ ಕಡಿಮಿ ಆತು. 15 ಮಾಡ್ರಿ.

15 ನಿಮಿಷ ಎಂಬುದು ಎಲ್ಲಿಂದಲೋ ಬಂದ ಅಂಕಿಯಲ್ಲ, ಕೇಳಿದವರು ಓದಿಕೊಂಡೇ ಕೇಳಿದ್ದಾರೆ. ಕಾರ್ಡ್ ವಹಿವಾಟು ನಡೆಸುವವರಿಗೆ ಇರುವ ಪಿಸಿಐ ಡಿಎಸ್ಎಸ್ ಮಾನದಂಡ, 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಸುಮ್ಮನಿದ್ದರೆ ಮತ್ತೆ ಪಾಸ್‌ವರ್ಡ್ ಕೇಳಬೇಕು ಎನ್ನುತ್ತದೆ. ವಿಂಡೋಸಿಗೆ ಸಿಐಎಸ್ ಎಂಬ ಸಂಸ್ಥೆ ಕೊಡುವ ಸುರಕ್ಷತಾ ಪಟ್ಟಿಯಲ್ಲಿ 900 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಎಂದಿದೆ. ಅದೂ 15 ನಿಮಿಷವೇ. ಆದರೆ ಅದು ಮೇಲಿನ ಗೆರೆ. ಬಾಗಿಲು ಹಾಕಿಕೊಂಡು ಕೂರುವ ಕೋಣೆಗೂ ಗ್ರಾಹಕರು ಒಂದು ಮೊಳ ದೂರದಲ್ಲಿ ನಿಲ್ಲುವ ಕೌಂಟರಿಗೂ ಒಂದೇ ಗೆರೆ ಎಳೆಯಲಾಗದು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ಆಗುತ್ತದೆ. ಆ ಕೆಲಸ ಮುಗಿಸಿಕೊಂಡ ಜನ ನೇರ ನಮ್ಮ ಬಾಗಿಲಿಗೆ ಬರುತ್ತಾರೆ, ಅದೇ ಹೊತ್ತಿಗೆ ನಮ್ಮವರು ಊಟಕ್ಕೆ ಏಳುತ್ತಾರೆ. 15 ನಿಮಿಷ ಇಟ್ಟರೆ ಆ ಗದ್ದಲದಲ್ಲಿ ಲಾಕ್ ಇದ್ದೂ ಇಲ್ಲದಂತೆ.

ನಿಜ ಹೇಳಬೇಕೆಂದರೆ 5 ನಿಮಿಷವೂ ಹೆಚ್ಚೇ. ಮೇಲೆ ಹೇಳಿದ ಘಟನೆಯಲ್ಲಿ ಗುಮಾಸ್ತರು ಹೋಗಿದ್ದದ್ದು 2 ನಿಮಿಷಕ್ಕೆ. ತಾನಾಗಿ ಆಗುವ ಲಾಕ್ ಮರೆತವರಿಗೆ ಮಾತ್ರ. ಏಳುವಾಗ ವಿಂಡೋಸ್ ಕೀ ಒತ್ತಿ ಹಿಡಿದು ಎಲ್ ಒತ್ತುವುದು ನಿಮ್ಮ ಕೆಲಸ. ಎರಡು ಬೆರಳು, ಒಂದು ಕ್ಷಣ. ಅದನ್ನು ರೂಢಿ ಮಾಡಿಕೊಂಡವರಿಗೆ ಮಿತಿ 5 ಇದ್ದರೇನು, 50 ಇದ್ದರೇನು?

ಲಾಕ್ ಆದ್ರ ನಾ ಹೊಡೆದಿದ್ದೆಲ್ಲ ಹೋಗ್ತದೇನ್ರಿ?

ಹೋಗುವುದಿಲ್ಲ. ಲಾಕ್ ಎಂದರೆ ಪರದೆ ಎಳೆದ ಹಾಗೆ. ಹಿಂದೆ ಎಲ್ಲ ಇದ್ದಲ್ಲೇ ಇರುತ್ತದೆ. ಪ್ರಿಂಟ್ ನಡೆದಿದ್ದರೆ ನಡೆಯುತ್ತದೆ, ಟ್ಯಾಲಿ ತೆರೆದಿದ್ದರೆ ತೆರೆದೇ ಇರುತ್ತದೆ, ಡೌನ್‌ಲೋಡ್ ಕೂಡ ನಿಲ್ಲದು.

ಗೊಂದಲ ಹುಟ್ಟುವುದು ಸ್ಲೀಪ್‌ನಿಂದ. ಸ್ಲೀಪ್ ಆದರೆ ಕಂಪ್ಯೂಟರೇ ನಿದ್ದೆ ಹೋಗುತ್ತದೆ, ನೆಟ್‌ವರ್ಕ್ ತಪ್ಪುತ್ತದೆ, ಡೌನ್‌ಲೋಡ್ ನಿಲ್ಲುತ್ತದೆ. ಮಾನಿಟರ್ ಕಪ್ಪಾಗುವುದು ಮೂರನೆಯದು, ಅದು ವಿದ್ಯುತ್ ಉಳಿಸಲಿಕ್ಕೆ ಮಾತ್ರ. ಮೌಸ್ ಅಲ್ಲಾಡಿಸಿದ ಕೂಡಲೇ ಪಾಸ್‌ವರ್ಡ್ ಕೇಳದೆ ತೆರೆದರೆ ಅದು ಲಾಕ್ ಆಗಿರಲೇ ಇಲ್ಲ ಎಂದರ್ಥ. ಹಾಗಾದರೆ ನನಗೆ ತಿಳಿಸಿ.

ಮತ್ತ ಖಾತೆ ಸಾಫ್ಟ್‌ವೇರ್ ಯಾಕ ಹೊರಗ ದಬ್ಬತದ? ಅರ್ಧಾ ತುಂಬಿದ ಫಾರ್ಮು ಹೋತು.

ಅದು ಬೇರೆ ಗಡಿಯಾರ. ನಿಮ್ಮ ಕಂಪ್ಯೂಟರಿಗೂ ಅದಕ್ಕೂ ಸಂಬಂಧವಿಲ್ಲ. ಸಾಫ್ಟ್‌ವೇರ್ ಇರುವ ಸರ್ವರ್ ತನ್ನ ಕಡೆಯಿಂದ ಕಾಯುತ್ತದೆ. ನಿಮ್ಮಿಂದ ಏನೂ ಬರದಿದ್ದರೆ ಆ ಸೆಷನ್ ಮುಗಿಸುತ್ತದೆ. ಇದರಲ್ಲಿ ತುಂಬಿದ್ದು ಹೋಗುತ್ತದೆ, ನಿಮ್ಮ ಸಿಟ್ಟು ಸರಿಯೇ. ಸದ್ಯಕ್ಕೆ ಉಪಾಯ ಒಂದೇ: ಅರ್ಧ ಫಾರ್ಮ್ ಬಿಟ್ಟು ಏಳುವಂತಾದರೆ ಮೊದಲು ಡ್ರಾಫ್ಟ್ ಉಳಿಸಿ.

ಪಾಸ್‌ವರ್ಡ್ ಖರೇನೇ ಹೊಡ್ಯಾಕತ್ತೀನಿ, ತಪ್ಪು ಅಂತದ. ಕಂಪ್ಯೂಟರಿಗೇ ತಲಿ ಕೆಟ್ಟದ.

ಹತ್ತರಲ್ಲಿ ಏಳೆಂಟು ಕರೆ ಇದೇ. ಮೂರು ಕಡೆ ನೋಡಿ.

ಪಿನ್ ಹೊಡೆಯುವವರು ಮೊದಲು ಕೀಬೋರ್ಡಿನ ನಮ್ ಲಾಕ್ (Num Lock) ದೀಪ ನೋಡಿ. ಅದು ಆರಿದ್ದರೆ ಬಲಗಡೆಯ ಅಂಕಿಗಳನ್ನು ಎಷ್ಟು ಒತ್ತಿದರೂ ಒಂದೂ ಬೀಳುವುದಿಲ್ಲ. ಪಾಸ್‌ವರ್ಡ್ ಹೊಡೆಯುವವರು ಕ್ಯಾಪ್ಸ್ ಲಾಕ್ ನೋಡಿ. ಮೂರನೆಯದು ನಮ್ಮ ಕಡೆಯ ವಿಶೇಷ: ಕನ್ನಡ ಕೀಲಿಮಣೆ. ನುಡಿ, ಬರಹದಂಥ ತಂತ್ರಾಂಶ ಬಳಸುವವರಿಗೆ ಈ ತೊಂದರೆ ಇಲ್ಲ, ಅವು ಲಾಗಿನ್ ಪರದೆಯಲ್ಲಿ ಕೆಲಸ ಮಾಡುವುದಿಲ್ಲ. ಆದರೆ ವಿಂಡೋಸಿನ ಒಳಗೇ ಕನ್ನಡ ಕೀಲಿಮಣೆ ಸೇರಿಸಿಕೊಂಡಿದ್ದರೆ ಲಾಕ್ ಪರದೆಯಲ್ಲೂ ಅದೇ ಚಾಲೂ ಇರಬಹುದು. ನೀವು ಇಂಗ್ಲಿಷ್ ಅಕ್ಷರ ಎಂದುಕೊಂಡು ಒತ್ತುತ್ತೀರಿ, ಒಳಗೆ ಕನ್ನಡ ಅಕ್ಷರ ಬೀಳುತ್ತದೆ, ಕಾಣುವುದು ಬರೀ ಚುಕ್ಕೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿ ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದ ಕಣ್ಣಿನ ಚಿತ್ರ ಒತ್ತಿ ಹಿಡಿದರೆ ಏನು ಬಿದ್ದಿದೆ ಎಂದೂ ಕಾಣುತ್ತದೆ. ಹಿಂದೆ ಯಾರೂ ನಿಂತಿಲ್ಲ ಎಂದು ನೋಡಿಕೊಂಡು ಒತ್ತಿ.

ಮೂರೂ ಸರಿ ಇದ್ದು ತೆರೆಯದಿದ್ದರೆ ಸುಮ್ಮನೆ ಮತ್ತೆ ಮತ್ತೆ ಹೊಡೆಯಬೇಡಿ. ತಪ್ಪು ಯತ್ನಗಳ ಮಿತಿ ದಾಟಿದರೆ ಖಾತೆಯೇ ಸ್ವಲ್ಪ ಹೊತ್ತು ಮುಚ್ಚಿಕೊಳ್ಳುತ್ತದೆ, ಆಗ ಸರಿಯಾದ ಪಾಸ್‌ವರ್ಡೂ ನಡೆಯದು.

ದಿನಾ ಇಪ್ಪತ್ ಸಲ ಅಷ್ಟುದ್ದ ಪಾಸ್‌ವರ್ಡ್ ಹೊಡಿಬೇಕಂದ್ರ ಬೆರಳು ಸವಿತಾವ.

ಒಪ್ಪಿದೆ. ಅದಕ್ಕೇ ಪಿನ್ ಹಾಕಿಕೊಳ್ಳಲು ಬಿಟ್ಟಿದ್ದೇವೆ. ಬೆರಳಚ್ಚಿನ ಸಾಧನ ಇರುವ ಲ್ಯಾಪ್‌ಟಾಪಿನಲ್ಲಿ ಅದನ್ನೂ ಬಳಸಬಹುದು. ಪಿನ್ ಚಿಕ್ಕದು, ಹಾಗಾದರೆ ದುರ್ಬಲವಲ್ಲವೇ ಎಂದು ಬೀದರ್ ಕಡೆಯ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ವಿಂಡೋಸಿನ ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ ಅಂಟಿಕೊಂಡಿರುತ್ತದೆ. ಯಾರಾದರೂ ನೋಡಿಕೊಂಡರೂ ಅದೇ ಯಂತ್ರದ ಮುಂದೆ ಬಂದು ಕೂರಬೇಕು. ಬೇರೆ ಕಡೆಯಿಂದ ಅದು ಉಪಯೋಗಕ್ಕೆ ಬಾರದು. ಪಾಸ್‌ವರ್ಡ್ ಹಾಗಲ್ಲ, ಗೊತ್ತಾದರೆ ಯಾವ ಶಾಖೆಯಿಂದಲಾದರೂ ಒಳಗೆ ಬರಬಹುದು. ಜನ್ಮ ವರ್ಷ, ಗಾಡಿ ನಂಬರು ಪಿನ್ ಮಾಡಬೇಡಿ ಎಂದು ಹೇಳಲೇಬೇಕೇ? ಹೇಳುತ್ತಿದ್ದೇನೆ.

ಮಾನಿಟರ್ ಅಂಚಿಗೆ ಹಳದಿ ಚೀಟಿಯ ಮೇಲೆ ಪಾಸ್‌ವರ್ಡ್ ಬರೆದು ಅಂಟಿಸಿದ್ದನ್ನು ನಾನು ಎರಡು ಶಾಖೆಯಲ್ಲಿ ಕಂಡಿದ್ದೇನೆ. ಒಂದರಲ್ಲಿ ಕೆಳಗೆ ‘ಯಾರಿಗೂ ಹೇಳಬ್ಯಾಡ್ರಿ’ ಎಂದೂ ಬರೆದಿತ್ತು.

ನಮ್ಮಲ್ಲಿ ಒಂದೇ ಕಂಪ್ಯೂಟರ್, ಮೂರು ಮಂದಿ. ಅವರು ಲಾಕ್ ಮಾಡಿ ಹೋದ್ರ ನಾ ಏನ್ ಮಾಡ್ಲಿ?

ಮೂವರಿಗೂ ಬೇರೆ ಬೇರೆ ಖಾತೆ ಇದೆ. ಲಾಕ್ ಪರದೆಯ ಕೆಳಗೆ ಎಡಗಡೆ ಹೆಸರುಗಳು, ಇಲ್ಲವೇ ಬೇರೆ ಬಳಕೆದಾರ ಎಂಬ ಆಯ್ಕೆ ಕಾಣುತ್ತದೆ. ಅಲ್ಲಿಂದ ನಿಮ್ಮ ಹೆಸರಿನಲ್ಲಿ ಒಳಗೆ ಬನ್ನಿ. ಮೊದಲಿನವರ ಕೆಲಸ ಹಿಂದೆ ಹಾಗೇ ಉಳಿದಿರುತ್ತದೆ. ಹಳೆಯ ಯಂತ್ರಗಳಲ್ಲಿ ಇಬ್ಬರ ಕೆಲಸ ಒಟ್ಟಿಗೆ ತೆರೆದಿದ್ದರೆ ನಿಧಾನವಾಗುತ್ತದೆ, ಅದಕ್ಕೆ ರ‍್ಯಾಮ್ ಹೆಚ್ಚಿಸಲು ಬರೆದುಕೊಟ್ಟಿದ್ದೇವೆ, ಮಂಜೂರಾತಿ ಬರಬೇಕು.

‘ಕೌಂಟರ್’ ಎಂಬ ಒಂದೇ ಹೆಸರಿನ ಖಾತೆ, ಅದರ ಪಾಸ್‌ವರ್ಡ್ ಸಿಪಾಯಿಯಿಂದ ಹಿಡಿದು ಎಲ್ಲರಿಗೂ ಗೊತ್ತು, ಇದು ಕೆಲವು ಶಾಖೆಗಳಲ್ಲಿ ನಡೆದಿತ್ತು. ಅಂಥಲ್ಲಿ ಲಾಕ್ ಹಾಕುವುದು ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಅದರ ಮೇಲೆಯೇ ತೂಗುಬಿಟ್ಟಂತೆ. ಆ ಖಾತೆಗಳನ್ನೆಲ್ಲ ಮುಚ್ಚಿದ್ದೇವೆ.

ಅಕ್ಕಾರು ಎಕ್ಸೆಲ್ ಫೈಲ್ ತಗದಿಟ್ಟು ಲಾಕ್ ಮಾಡಿ ರಜಾ ಹೋಗ್ಯಾರ. ಫೈಲ್ ಬ್ಯಾರೆಯವರು ಉಪಯೋಗಿಸ್ಲಾಕತ್ಯಾರ ಅಂತ ಬರ್ತದ.

ಇದು ಲಾಕಿನ ನಿಜವಾದ ಕಿರಿಕಿರಿ, ಮುಚ್ಚಿಡುವುದಿಲ್ಲ. ಹಂಚಿಕೆಯ ಫೋಲ್ಡರಿನ ಫೈಲನ್ನು ಒಬ್ಬರು ತೆರೆದಿಟ್ಟಿದ್ದರೆ ಉಳಿದವರಿಗೆ ಓದಲು ಮಾತ್ರ ಸಿಗುತ್ತದೆ. ನನಗೆ ಹೇಳಿದರೆ ಸರ್ವರ್ ಕಡೆಯಿಂದ ಆ ಫೈಲನ್ನು ಬಿಡಿಸಬಹುದು, ಅಥವಾ ಅವರನ್ನು ಸೈನ್ ಔಟ್ ಮಾಡಬಹುದು. ಎರಡರಲ್ಲೂ ಅವರು ಉಳಿಸದೆ ಬಿಟ್ಟದ್ದು ಹೋಗುವ ಸಂಭವವಿದೆ. ಹಾಗಾಗಿ ಅವರಿಗೆ ಒಂದು ಫೋನ್ ಮಾಡಿದ ಮೇಲೆಯೇ ಮಾಡುತ್ತೇನೆ. ಚಾ ಕುಡಿಯಲು ಹೋಗುವಾಗ ಲಾಕ್, ಮನೆಗೆ ಹೋಗುವಾಗ ಎಲ್ಲ ಉಳಿಸಿ ಶಟ್‌ಡೌನ್.

ಸೆಟ್ಟಿಂಗಿಗೆ ಹೋಗಿ ಬದಲಿ ಮಾಡ್ಬೇಕಂದ್ರ ಎಲ್ಲಾ ಮಸುಕು ಆಗ್ಯಾವ.

ಬೇಕೆಂದೇ ಹಾಗೆ ಮಾಡಿದ್ದು. ಮಿತಿಯನ್ನು ಮುಖ್ಯ ಕಚೇರಿಯಿಂದ ಕಳಿಸಲಾಗುತ್ತದೆ, ಅಲ್ಲಿ ಕೂತು ಬದಲಿಸಲು ಬರುವುದಿಲ್ಲ.

ನಾ ಶಾಖೆ ಕಂಪ್ಯೂಟರ್ ನೋಡ್ಕೊಳ್ಳಾಂವ. ಹ್ಯಾಂಗ ಹಚ್ಚೀರಿ, ನನಗರೆ ತಿಳಿಸ್ರಿ.

ಇದು ನಿಮ್ಮಂಥವರಿಗೆ, ಉಳಿದವರು ಮುಂದಿನ ಪ್ರಶ್ನೆಗೆ ಹೋಗಬಹುದು.

ಮುಖ್ಯ ಕಚೇರಿಯ ಡೊಮೈನಿಗೆ, ಅಂದರೆ ಒಂದೇ ಸರ್ವರಿನ ಹಿಡಿತದ ಗುಂಪಿಗೆ, ಸೇರಿದ ಯಂತ್ರಗಳಿಗೆ ಗ್ರೂಪ್ ಪಾಲಿಸಿಯಿಂದ (ಒಂದು ಕಡೆಯಿಂದ ಎಲ್ಲ ಯಂತ್ರಕ್ಕೂ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಎರಡು ಕಡೆ ಹಚ್ಚಿದ್ದೇವೆ. ಮೊದಲನೆಯದು ಕಂಪ್ಯೂಟರ್ ಕಾನ್ಫಿಗರೇಶನ್ ಕೆಳಗೆ: ವಿಂಡೋಸ್ ಸೆಟ್ಟಿಂಗ್ಸ್, ಸೆಕ್ಯೂರಿಟಿ ಸೆಟ್ಟಿಂಗ್ಸ್, ಲೋಕಲ್ ಪಾಲಿಸೀಸ್, ಸೆಕ್ಯೂರಿಟಿ ಆಪ್ಷನ್ಸ್. ಅಲ್ಲಿ ‘ಇಂಟರಾಕ್ಟಿವ್ ಲಾಗಾನ್: ಮಷೀನ್ ಇನ್‌ಆಕ್ಟಿವಿಟಿ ಲಿಮಿಟ್’ ಎಂಬುದಿದೆ. ಅಂಕಿ ಸೆಕೆಂಡಿನಲ್ಲಿ ಕೊಡಬೇಕು. 0 ಕೊಟ್ಟರೆ ಮಿತಿಯೇ ಇಲ್ಲವೆಂದರ್ಥ. ಇದು ಯಂತ್ರಕ್ಕೆ ಅನ್ವಯ, ಯಾರೇ ಕೂತರೂ ಒಂದೇ. ಒಂದು ಸಲ ರೀಸ್ಟಾರ್ಟ್ ಮಾಡಿದ ಮೇಲೆಯೇ ಜಾರಿಗೆ ಬರುತ್ತದೆ. ಅದನ್ನು ಮರೆತು ‘ಪಾಲಿಸಿ ಹತ್ತಲಿಲ್ಲ’ ಎಂದು ಫೋನ್ ಮಾಡಬೇಡಿ.

ಎರಡನೆಯದು ಯೂಸರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಕಂಟ್ರೋಲ್ ಪ್ಯಾನೆಲ್, ಪರ್ಸನಲೈಸೇಶನ್. ಅಲ್ಲಿ ಸ್ಕ್ರೀನ್ ಸೇವರ್ ಚಾಲೂ ಮಾಡುವುದು, ಅದಕ್ಕೆ ಪಾಸ್‌ವರ್ಡ್ ಕೇಳುವುದು, ಎಷ್ಟು ಸೆಕೆಂಡಿಗೆ ಎನ್ನುವುದು, ಈ ಮೂರನ್ನೂ ಒಟ್ಟಿಗೆ ಹಚ್ಚಬೇಕು. ಮೊದಲನೆಯ ಮಿತಿ ಲಾಕ್ ಮಾಡುವುದು ಸ್ಕ್ರೀನ್ ಸೇವರ್ ಮೂಲಕವೇ ಆದ್ದರಿಂದ ಎರಡನ್ನೂ ಹಚ್ಚಿದ್ದೇವೆ. ಸ್ಕ್ರೀನ್ ಸೇವರ್ ಯಾವುದು ಎಂಬಲ್ಲಿ ಬರೀ ಕಪ್ಪು ಪರದೆಯದನ್ನು ಕೊಟ್ಟಿದ್ದೇವೆ. ಮೀನು ಈಜುವುದು, ಗುಳ್ಳೆ ಹಾರುವುದು ಬೇಡ.

ಡೊಮೈನಿಗೆ ಸೇರದ ಸಣ್ಣ ಶಾಖೆಗಳಲ್ಲಿ ವಿಂಡೋಸ್ ಪ್ರೊ ಇದ್ದರೆ ಅದೇ ಸೆಟ್ಟಿಂಗನ್ನು ಆ ಯಂತ್ರದ ಲೋಕಲ್ ಪಾಲಿಸಿಯಲ್ಲಿ ಹಚ್ಚಬಹುದು. ವಿಂಡೋಸ್ ಹೋಮ್‌ನಲ್ಲಿ ಆ ಪಾಲಿಸಿ ಕಿಟಕಿಯೇ ಇಲ್ಲ, ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಮಿತಿಯ ಅಂಕಿಯನ್ನು ಕೈಯಾರೆ ಬರೆಯಬೇಕು. ಬಳಕೆದಾರರಿಗೆ ಅಡ್ಮಿನಿಸ್ಟ್ರೇಟರ್ ಹಕ್ಕು ಕೊಟ್ಟಿದ್ದರೆ ಇದೆಲ್ಲ ವ್ಯರ್ಥ, ಅವರೇ ತೆಗೆದುಹಾಕಬಹುದು. ಹಾಗಾಗಿ ಮೊದಲು ಹಕ್ಕು ಕಡಿಮೆ ಮಾಡಿ, ಆಮೇಲೆ ಮಿತಿ ಹಚ್ಚಿ.

10 ನಿಮಿಷ ಅಂದೀರಿ, ನಮ್ಮಲ್ಲಿ 25 ನಿಮಿಷ ಆದ ಮ್ಯಾಲ ಲಾಕ್ ಆಗ್ತದ.

ಇದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ರಿಜಿಸ್ಟ್ರಿಯಲ್ಲಿ 600 ಎಂದು ಬರೆಯುವಾಗ ಪಕ್ಕದಲ್ಲಿ ಡೆಸಿಮಲ್ ಆಯ್ದುಕೊಳ್ಳಬೇಕಿತ್ತು. ಅಲ್ಲಿ ಮೊದಲೇ ಆಯ್ದಿರುವುದು ಹೆಕ್ಸಾಡೆಸಿಮಲ್, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕ. ಆ ಲೆಕ್ಕದಲ್ಲಿ 600 ಎಂದರೆ 1536 ಸೆಕೆಂಡು, ಅಂದರೆ 25 ನಿಮಿಷ 36 ಸೆಕೆಂಡು. ಕೌಂಟರಿನ 300 ಕೂಡ 768 ಆಗಿ 12 ನಿಮಿಷ 48 ಸೆಕೆಂಡಿಗೆ ಹೋಗಿತ್ತು. ಯಾದಗಿರಿ ಕಡೆಯ ಒಂದು ಶಾಖೆಯ ಗುಮಾಸ್ತರು ಗೋಡೆ ಗಡಿಯಾರ ನೋಡಿ ಲೆಕ್ಕ ಹಾಕಿ ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಈಗ ಎಲ್ಲ ಕಡೆ ಸರಿಪಡಿಸಿದ್ದೇವೆ. ಒಂದು ಸಲ ನಿಮ್ಮ ಕೈಗಡಿಯಾರ ಹಿಡಿದು ನೋಡಿ. ನನ್ನ ಮಾತಿನ ಮೇಲೆಯೇ ಬಿಡಬೇಡಿ.

ನಮ್ದು ಲಾಕೇ ಆಗಂಗಿಲ್ರಿ. ನಾವೇನೂ ಮುಟ್ಟಿಲ್ಲ.

ಎಲ್ಲ ಸೆಟ್ಟಿಂಗ್ ಸರಿ ಇದ್ದೂ ಒಂದು ಯಂತ್ರ ಎರಡು ವಾರ ನನ್ನನ್ನು ಆಟ ಆಡಿಸಿತು. ಕೊನೆಗೆ ಹೋಗಿ ಮುಂದೆ ಕೂತೆ. ಮೇ ತಿಂಗಳ ಬಿಸಿಲು, ಮೇಜಿಗೆ ತಾಗಿಸಿ ದೊಡ್ಡ ಕಬ್ಬಿಣದ ಕೂಲರ್ ಇಟ್ಟಿದ್ದರು. ಕೂಲರ್ ನಡುಗಿದರೆ ಮೇಜು ನಡುಗುತ್ತಿತ್ತು, ಮೇಜಿನ ಗಾಜಿನ ಮೇಲಿದ್ದ ಮೌಸಿನ ಬಾಣ ಪರದೆಯ ಮೇಲೆ ಸೂಜಿಮೊನೆಯಷ್ಟು ಅಲುಗುತ್ತಿತ್ತು. ಯಾರೋ ಮೌಸ್ ಮುಟ್ಟುತ್ತಿದ್ದಾರೆ ಎಂದೇ ಕಂಪ್ಯೂಟರ್ ತಿಳಿದಿತ್ತು. ಮೌಸಿನ ಕೆಳಗೆ ಪ್ಯಾಡ್ ಇಟ್ಟು, ಕೂಲರನ್ನು ಒಂದು ಗೇಣು ಸರಿಸಿದೆವು. ಸರಿಹೋಯಿತು. ಆ ಶಾಖೆಯವರು ಈಗಲೂ ನನಗೆ ಕೂಲರ್ ಸಾಹೇಬ್ರು ಎನ್ನುತ್ತಾರೆ.

ಕೀಬೋರ್ಡಿನ ಮೇಲೆ ಪಾಸ್‌ಬುಕ್ಕಿನ ಕಟ್ಟು ಇಟ್ಟಿರುವುದು, ಕೀಲಿ ಅಂಟಿಕೊಂಡಿರುವುದು, ಇವನ್ನೂ ನೋಡಿಕೊಳ್ಳಿ.

ಮೌಸ್ ಕೆಳಗ ಕೈಗಡಿಯಾರ ಇಟ್ರ ಲಾಕ್ ಆಗಂಗಿಲ್ಲಂತ, ಖರೇನ?

ಖರೆ. ಸೆಕೆಂಡಿನ ಮುಳ್ಳು ತಿರುಗುವುದನ್ನೇ ಮೌಸ್ ಚಲನೆ ಎಂದುಕೊಳ್ಳುತ್ತದೆ. ಇದಕ್ಕೆಂದೇ ಯುಎಸ್‌ಬಿ ಸಾಧನಗಳೂ ಮಾರಾಟಕ್ಕಿವೆ, ಅವು ಮೌಸಿನ ವೇಷದಲ್ಲಿ ಬರುತ್ತವೆ. ಇದನ್ನೆಲ್ಲ ತಡೆಯುವ ಪಾಲಿಸಿ ಬರೆಯುತ್ತ ಕೂರುವ ಆಸೆ ನನಗಿಲ್ಲ. ಯಾರಾದರೂ ಅಷ್ಟು ಕಷ್ಟಪಡುತ್ತಿದ್ದರೆ ಅವರ ಕೆಲಸಕ್ಕೆ ನಮ್ಮ ಮಿತಿ ಹೊಂದುತ್ತಿಲ್ಲ ಎಂದರ್ಥ. ಬಂದು ಹೇಳಿ, ಕಾರಣ ಸರಿ ಇದ್ದರೆ ಬದಲಿಸೋಣ. ಬಡ್ಡಿ ಲೆಕ್ಕದ ದೊಡ್ಡ ಪಟ್ಟಿಯನ್ನು ಕಾಗದದ ಜೊತೆ ತಾಳೆ ನೋಡುವವರು ಹೀಗೆ ಕೇಳಿದರು. ಅವರು ಗಂಟೆಗಟ್ಟಲೆ ಕಣ್ಣಲ್ಲೇ ಕೆಲಸ ಮಾಡುತ್ತಾರೆ, ಕೈ ಆಡುವುದಿಲ್ಲ. ಅವರ ಕೋಣೆ ಒಳಗಿನದು, ಬಾಗಿಲಿದೆ. 15 ಮಾಡಿಕೊಟ್ಟೆವು.

ಡಿಜಿಟಲ್ ಸಹಿ ಡಾಂಗಲ್ ಹಚ್ಚೇ ಬಿಟ್ಟಿರ್ತೀವಿ. ಸ್ಕ್ರೀನ್ ಲಾಕ್ ಅದಲ್ಲ, ನಡೀತದ.

ನಡೆಯುವುದಿಲ್ಲ. ಲಾಕ್ ನಿಮ್ಮ ಪರದೆಯನ್ನು ಕಾಯುತ್ತದೆಯೇ ಹೊರತು ಯುಎಸ್‌ಬಿಗೆ ಚುಚ್ಚಿದ ಆ ಪುಟ್ಟ ಡಾಂಗಲನ್ನಲ್ಲ. ಅದನ್ನು ಕಿತ್ತುಕೊಂಡು ಹೋಗಲು ಪಾಸ್‌ವರ್ಡ್ ಬೇಕಿಲ್ಲ, ಒಂದು ಕೈ ಸಾಕು. ಜೊತೆಗೆ ಡಾಂಗಲಿನ ಪಿನ್ ಅನ್ನು ಡಬ್ಬಿಯ ಮೇಲೆ ಪೆನ್ನಿನಿಂದ ಬರೆದವರೂ ಇದ್ದಾರೆ. ಡಾಂಗಲ್ ಎಂದರೆ ನಿಮ್ಮ ಸಹಿ. ಸಹಿ ಮಾಡಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತೀರಾ? ಕೆಲಸ ಮುಗಿದ ಕೂಡಲೇ ತೆಗೆದು ಡ್ರಾವರಿಗೆ ಹಾಕಿ, ಕೀಲಿ ಹಾಕಿ.

ಟೋಕನ್ ತೋರ್ಸೋ ಟಿವಿ, ಸಿಸಿಟಿವಿ ನೋಡೋ ಕಂಪ್ಯೂಟರೂ ಲಾಕ್ ಆಗ್ತಾವೇನು?

ಇಲ್ಲ. ಅವನ್ನು ಬೇರೆ ಗುಂಪಿಗೆ ಹಾಕಿದ್ದೇವೆ. ಆದರೆ ಅವುಗಳ ಖಾತೆಗೆ ಆ ಒಂದು ಕೆಲಸ ಬಿಟ್ಟು ಬೇರೇನೂ ತೆರೆಯಲು ಬರುವುದಿಲ್ಲ, ಕೀಬೋರ್ಡನ್ನೂ ತೆಗೆದಿಟ್ಟಿದ್ದೇವೆ. ಟೋಕನ್ ಯಂತ್ರದಲ್ಲಿ ಯೂಟ್ಯೂಬ್ ನೋಡುತ್ತಿದ್ದವರಿಗೆ ಬೇಜಾರಾಗಿದೆ ಎಂದು ಕೇಳಿದ್ದೇನೆ.

ಅಧ್ಯಕ್ಷರ ಕಂಪ್ಯೂಟರಿಗೂ ಅದನ?

ಅದ.

ಯಾರು ಎಷ್ಟೊತ್ತು ಕುರ್ಚಿ ಬಿಟ್ಟಿದ್ರು ಅಂತ ಇದ್ರಿಂದ ನೋಡ್ತೀರಂತ. ಹಾಜರಿಗೆ ಹಚ್ತೀರಂತ.

ಈ ಸುದ್ದಿ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ, ಆದರೆ ಪೂರ್ತಿ ಸುಳ್ಳು ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ವಿಂಡೋಸಿನಲ್ಲಿ ಲಾಗಾನ್ ಆಡಿಟಿಂಗಿನ ಒಂದು ಆಯ್ಕೆ ಚಾಲೂ ಮಾಡಿದರೆ ಯಂತ್ರ ಲಾಕ್ ಆದದ್ದು 4800 ಎಂಬ ಸಂಖ್ಯೆಯಲ್ಲೂ ತೆರೆದದ್ದು 4801ರಲ್ಲೂ ಹೊತ್ತಿನ ಸಮೇತ ದಾಖಲಾಗುತ್ತದೆ. ನಗದು ಕೌಂಟರುಗಳಲ್ಲಿ ಮತ್ತು ಸರ್ವರಿನಲ್ಲಿ ಅದು ಚಾಲೂ ಇದೆ, ಉಳಿದ ಮೇಜುಗಳಲ್ಲಿಲ್ಲ. ನಗದಿನಲ್ಲಿ ಏನಾದರೂ ಹೆಚ್ಚು ಕಡಿಮೆಯಾದಾಗ ಆ ಹೊತ್ತಿನಲ್ಲಿ ಯಂತ್ರ ತೆರೆದಿತ್ತೇ ಎಂದು ನೋಡುವುದಕ್ಕೆ ಮಾತ್ರ. ‘ನಾ ಅಲ್ಲಿ ಇರಲಿಲ್ಲ’ ಎಂದು ನೀವು ಹೇಳಿದಾಗ ನಿಮ್ಮ ಪರ ಸಾಕ್ಷಿ ಹೇಳುವುದೂ ಅದೇ.

ಹಾಜರಿಗೆ ಹಚ್ಚುವುದಿಲ್ಲ. ನನ್ನ ಮಾತಲ್ಲಿ ಹೇಳಬೇಕೆಂದರೆ, ಹಚ್ಚಿ ಎಂದು ಯಾರಾದರೂ ಕೇಳಿದರೂ ಕೊಡಬಾರದು. ಹಾಗೆ ಮಾಡಿದ ದಿನವೇ ಎಲ್ಲರ ಮೌಸಿನ ಕೆಳಗೂ ಕೈಗಡಿಯಾರ ಬಂದು ಕೂರುತ್ತದೆ.

ಕಾಯ್ದೆ ಏನ್ ಹೇಳ್ತದ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜನರ ಮಾಹಿತಿ ಇಟ್ಟುಕೊಂಡವರು ಅದಕ್ಕೆ ತಕ್ಕ ಸುರಕ್ಷತೆ ಮಾಡಬೇಕು ಎನ್ನುತ್ತದೆ. ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಅದರಲ್ಲಿ ಸ್ಕ್ರೀನ್ ಲಾಕ್ ಎಂಬ ಪದ ಇಲ್ಲ. ಆದರೆ ತೆರೆದ ಸ್ಕ್ರೀನು ತಕ್ಕ ಸುರಕ್ಷತೆ ಎಂದು ಯಾರ ಮುಂದೆಯೂ ವಾದಿಸಲಾಗದು. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ‘ಪರಸ್ಪರ ಗುರುತಿನವರು, ಸುಮ್ಮನೆ ಹೊಡೆದೆ’ ಎನ್ನುವವರು ಇದನ್ನೊಮ್ಮೆ ಓದಿ. ಸೈಬರ್ ಘಟನೆ ಗಮನಕ್ಕೆ ಬಂದರೆ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಏಪ್ರಿಲ್ 2022ರಲ್ಲಿ ನಿರ್ದೇಶನ ಕೊಟ್ಟಿದೆ, ಅನಧಿಕೃತ ಪ್ರವೇಶವೂ ಆ ಪಟ್ಟಿಯಲ್ಲಿದೆ. ಹಾಗಾಗಿ ಏನಾದರೂ ಆದರೆ ನಾಳೆ ಹೇಳೋಣ ಎಂದು ಇಡಬೇಡಿ.

ಲೈಟ್ ಹೋದ್ರ ಏನ್ ಕಥಿ?

ಯುಪಿಎಸ್ ಇದ್ದರೆ ಲಾಕ್ ತನ್ನ ಪಾಡಿಗೆ ನಡೆಯುತ್ತದೆ. ಪೂರ್ತಿ ಆರಿದರೆ ಮತ್ತೆ ಹಚ್ಚಿದಾಗ ಪಾಸ್‌ವರ್ಡ್ ಕೇಳುತ್ತದೆ, ಆದರೆ ಉಳಿಸದ ಕೆಲಸ ಹೋಗಿರುತ್ತದೆ. ಅದಕ್ಕೆ ಲಾಕನ್ನು ಬೈಯಬೇಡಿ.

ನಮ್ದು ಹಳೇ ವಿಂಡೋಸ್ 7. ಅದಕ್ಕೂ ಹಚ್ಚಬಹುದೇನು?

ಸ್ಕ್ರೀನ್ ಸೇವರ್ ದಾರಿಯಿಂದ ಹಚ್ಚಬಹುದು. ಮೇಲೆ ಹೇಳಿದ ಯಂತ್ರದ ಮಿತಿ (ಮಷೀನ್ ಇನ್‌ಆಕ್ಟಿವಿಟಿ ಲಿಮಿಟ್) ವಿಂಡೋಸ್ 8ರಿಂದ ಬಂದದ್ದು. ಆದರೆ ವಿಂಡೋಸ್ 7ಕ್ಕೆ ಬೆಂಬಲ ಮುಗಿದದ್ದು 14 ಜನವರಿ 2020ಕ್ಕೆ. ವಿಂಡೋಸ್ 10ಕ್ಕೂ 14 ಅಕ್ಟೋಬರ್ 2025ಕ್ಕೆ ಮುಗಿಯಿತು. ಗೋಡೆ ಬಿದ್ದ ಮನೆಗೆ ಬಾಗಿಲ ಕೀಲಿ ಹಾಕಿದಂತೆ ಇದು. ಯಂತ್ರ ಬದಲಿಸುವ ಪಟ್ಟಿಯಲ್ಲಿ ನಿಮ್ಮ ಶಾಖೆ ಮೇಲಿದೆ.

ಬೀದರದ ಒಂದ್ ಶಾಖೆದಾಗ ಉಬುಂಟು ಅದ. ಅದಕ್ಕ?

ಉಬುಂಟು ಎಂದರೆ ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್. ಅಲ್ಲಿ ಸೆಟ್ಟಿಂಗುಗಳನ್ನು ಇಡುವ ಡಿಕಾನ್ಫ್ ಮೂಲಕ ಮೂರು ಅಂಶ ಹಚ್ಚಿದ್ದೇವೆ: ಎಷ್ಟು ಹೊತ್ತಿಗೆ ಪರದೆ ಆರಬೇಕು, ಆರಿದ ಮೇಲೆ ಲಾಕ್ ಆಗಬೇಕೆ, ಎಷ್ಟು ತಡವಾಗಿ. ಬರೀ ಅಂಕಿ ಬರೆದರೆ ಬಳಕೆದಾರರು ಬದಲಿಸಬಹುದು. ಅದೇ ಡೇಟಾಬೇಸಿನ ಲಾಕ್ಸ್ ಫೋಲ್ಡರಿನಲ್ಲಿ ಆ ಮೂರು ಅಂಶಗಳ ಹೆಸರು ಬರೆದು, ಡಿಕಾನ್ಫ್ ಅಪ್‌ಡೇಟ್ ಓಡಿಸಿದರೆ ಮಾತ್ರ ಬಿಗಿಯಾಗುತ್ತದೆ.

ನಾ ಎದ್ದು ಹೋದ ಕೂಡ್ಲೆ ತಾನೇ ಲಾಕ್ ಆಗೋ ಹಾಂಗ ಏನೂ ಇಲ್ಲೇನು?

ಇದೆ. ಡೈನಾಮಿಕ್ ಲಾಕ್ ಎಂದು ವಿಂಡೋಸ್ 10ಕ್ಕೆ 2017ರಲ್ಲಿ ಬಂತು. ನಿಮ್ಮ ಮೊಬೈಲನ್ನು ಬ್ಲೂಟೂತ್‌ನಿಂದ ಜೋಡಿಸಿಟ್ಟರೆ, ಮೊಬೈಲ್ ದೂರ ಹೋದ ಸ್ವಲ್ಪ ಹೊತ್ತಿಗೆ ಯಂತ್ರ ಲಾಕ್ ಆಗುತ್ತದೆ. ನಮ್ಮ ಮೇಜಿನ ಕಂಪ್ಯೂಟರುಗಳಲ್ಲಿ ಹೆಚ್ಚಿನವಕ್ಕೆ ಬ್ಲೂಟೂತ್ ಇಲ್ಲ, ಮತ್ತು ನಮ್ಮ ಶಾಖೆಗಳು ಎಷ್ಟು ಸಣ್ಣವೆಂದರೆ ಚಾದ ಅಂಗಡಿಯೂ ಬ್ಲೂಟೂತ್ ಅಳತೆಯೊಳಗೇ ಬರುತ್ತದೆ. ಲ್ಯಾಪ್‌ಟಾಪ್ ಇರುವವರು ಹಚ್ಚಿಕೊಳ್ಳಿ, ಆದರೆ ಅದನ್ನೇ ನೆಚ್ಚಬೇಡಿ.

ಮೊಬೈಲ್ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆದಿಟ್ಟವರ ಪರದೆಯ ಮೂಲೆಯಲ್ಲಿ ಗ್ರಾಹಕರು ಕಳಿಸಿದ ಆಧಾರ್ ಫೋಟೋ, ಪಹಣಿ ಎಲ್ಲ ಇಣುಕುತ್ತವೆ. ಲಾಕ್ ಆದ ಮೇಲೂ ಸಂದೇಶದ ಸೂಚನೆ ಪರದೆಯ ಮೇಲೆ ಬಾರದಂತೆ ನಾವು ತೆಗೆದಿದ್ದೇವೆ. ನಿಮ್ಮ ಸ್ವಂತ ಫೋನಿನಲ್ಲಿ ನೀವೇ ತೆಗೆದುಕೊಳ್ಳಬೇಕು.

ಲಾಕ್ ಪರದೆ ಮ್ಯಾಲ ನಮ್ಮ ಶರಣಬಸವೇಶ್ವರರ ಫೋಟೋ ಇಡ್ಬಹುದೇನು?

ಇಡಬಹುದು. ಶರಣಬಸವೇಶ್ವರರು, ಬಂದೇನವಾಜರು, ಮೊಮ್ಮಗಳು, ಬೀದರ ಕೋಟೆ, ನಿಮ್ಮ ಹೊಲದ ತೊಗರಿ, ಯಾವುದಕ್ಕೂ ಅಡ್ಡಿಯಿಲ್ಲ. ಒಬ್ಬರು ಕೌಂಟರಿನಲ್ಲಿ ಕೂತು ತೆಗೆಸಿಕೊಂಡ ತಮ್ಮದೇ ಫೋಟೋ ಹಾಕಿದ್ದರು. ಚೆನ್ನಾಗಿಯೇ ಇತ್ತು. ಹಿಂದೆ ಅವರ ಮಾನಿಟರ್ ತೆರೆದಿತ್ತು, ಅದರಲ್ಲಿ ಒಬ್ಬರ ಠೇವಣಿ ಖಾತೆ ಓದಲು ಬರುತ್ತಿತ್ತು. ಅದನ್ನು ಮಾತ್ರ ತೆಗೆಸಿದೆ.